ಒಂದು ಅಕ್ಷರದ ಮರೆಯಲ್ಲಿದ್ದ ಸೊನಾಟಾ

ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ಅಕ್ಕ ತಮ್ಮ ಅವರು. ಇಬ್ಬರಿಗೂ ಅವೇ ಪಾಠಗಳು, ಅವೇ ಗುರುಗಳು, ಅದೇ ಕಟ್ಟುನಿಟ್ಟಿನ ಅಭ್ಯಾಸ. ಇಬ್ಬರ ಹೆಸರೂ ‘ಎಫ್’ ಅಕ್ಷರದಿಂದಲೇ ಆರಂಭ. ತಮ್ಮ ಫೆಲಿಕ್ಸ್ ಮೆಂಡೆಲ್ಸನ್‌ನ ಹೆಸರು ಯೂರೋಪಿನಲ್ಲೆಲ್ಲ ಮನೆಮಾತಾಯಿತು. ಅಕ್ಕ ಫ್ಯಾನಿಯ ಹೆಸರು ಮನೆಯೊಳಗಿನ ಮಾತಾಗಿಯೇ ಉಳಿಯಿತು.

ಹೀಗಾಗಿ, ‘ಎಫ್. ಮೆಂಡೆಲ್ಸನ್’ ಎಂದು ನಮೂದಿಸಿದ್ದ ಹಳೆಯ ಸಂಗೀತ ಹಸ್ತಪ್ರತಿಯೊಂದು 1970ರಲ್ಲಿ ಪ್ಯಾರಿಸ್ಸಿನಲ್ಲಿ ಬೆಳಕಿಗೆ ಬಂದಾಗ, ಆ ‘ಎಫ್’ ಯಾರದೆಂಬುದು ದೊಡ್ಡ ಪ್ರಶ್ನೆಯಾಗಿ ಕಾಣಲಿಲ್ಲ. ಫೆಲಿಕ್ಸ್‌ನದೇ ಎಂದು ಭಾವಿಸಲಾಯಿತು. 1972ರಲ್ಲಿ ಫ್ರಾನ್ಸಿನ ಪಿಯಾನೊ ವಾದಕ ಎರಿಕ್ ಹೈಡ್‌ಸೀಕ್ ಅವರು ನುಡಿಸಿದ ಧ್ವನಿಮುದ್ರಿಕೆಯೂ ಹೊರಬಂತು. ಅದರ ಮೇಲಿದ್ದದ್ದು ಫೆಲಿಕ್ಸ್‌ನ ಹೆಸರೇ.

ಆ ಕೃತಿಯ ಹೆಸರು ‘ಈಸ್ಟರ್ ಸೊನಾಟಾ’. ಬರೆದವಳು ಫ್ಯಾನಿ. 1828ರಲ್ಲಿ, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಈ ಮಾತು ಪುರಾವೆ ಸಮೇತ ಹೊರಬರಲು 2010ರವರೆಗೆ ಕಾಯಬೇಕಾಯಿತು. ಅಂದರೆ 182 ವರ್ಷ!

ಅಕ್ಕನ ಕೃತಿಯನ್ನು ತಮ್ಮ ಕದ್ದನೇ? ಮಗಳನ್ನು ತಂದೆ ಹಿಂಸಿಸಿದರೇ? ಅಂಥದ್ದೇನೂ ನಡೆಯಲಿಲ್ಲ. ಮಗಳನ್ನು ಪ್ರೀತಿಯಿಂದ ಬೆಳೆಸಿ, ಹಣ ಲೆಕ್ಕಿಸದೆ ಕಲಿಸಿದ, ವಿದ್ಯಾವಂತರ ಮನೆ ಅದು. ಈ ಕಥೆಯನ್ನು ಇಂದಿನ ತಂದೆ ತಾಯಿಯರೂ ಮಕ್ಕಳೂ ಒಟ್ಟಿಗೆ ಕುಳಿತು ಓದಬೇಕಾದದ್ದು ಇದೇ ಕಾರಣಕ್ಕೆ.

ತಾಯಿ ಕಂಡ ಬೆರಳುಗಳು

ಫ್ಯಾನಿ ಹುಟ್ಟಿದ್ದು 1805ರ ನವೆಂಬರ್ 14ರಂದು, ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ. ಅಜ್ಜ ಮೋಸೆಸ್ ಮೆಂಡೆಲ್ಸನ್ ಜರ್ಮನಿಯ ಹೆಸರಾಂತ ಯಹೂದಿ ತತ್ವಜ್ಞಾನಿ. ತಂದೆ ಅಬ್ರಹಾಂ ಬ್ಯಾಂಕಿನ ಒಡೆಯರು. ತಾಯಿ ಲೇಯಾ ಸ್ವತಃ ಸಂಗೀತ ಬಲ್ಲವರು. ಹಸುಗೂಸಿನ ಕೈ ನೋಡಿದ ತಾಯಿ, ಬಾಕ್‌ನ ಫ್ಯೂಗ್‌ಗಳನ್ನು ನುಡಿಸಲೆಂದೇ ಮಾಡಿದ ಬೆರಳುಗಳಿವು ಎಂದರಂತೆ. ಫ್ಯೂಗ್ ಎಂದರೆ ಪಾಶ್ಚಾತ್ಯ ಸಂಗೀತದಲ್ಲಿ ಬಹು ಕಠಿಣವಾದ ರಚನೆ. ಒಂದು ಪುಟ್ಟ ಸ್ವರಮಾಲೆಯನ್ನು ಒಂದು ಧ್ವನಿ ಆರಂಭಿಸುತ್ತದೆ. ಅದು ಮುಂದುವರಿಯುತ್ತಿರುವಾಗಲೇ ಎರಡನೆಯ ಧ್ವನಿ ಅದನ್ನೇ ಎತ್ತಿಕೊಳ್ಳುತ್ತದೆ, ಆಮೇಲೆ ಮೂರನೆಯದು. ಯಾವುದೂ ಯಾವುದರ ಕಾಲಿಗೂ ತೊಡರದೆ ಕೊನೆಯವರೆಗೆ ಸಾಗಬೇಕು. ಎರಡೇ ಕೈಗಳಲ್ಲಿ ಇಷ್ಟೆಲ್ಲವನ್ನೂ ನುಡಿಸಬೇಕು.

ತಾಯಿಯ ಮಾತು ಸುಳ್ಳಾಗಲಿಲ್ಲ. ಹದಿಮೂರು ವರ್ಷದ ಫ್ಯಾನಿ, ಬಾಕ್‌ನ ಇಪ್ಪತ್ತನಾಲ್ಕು ಪ್ರಿಲ್ಯೂಡ್‌ಗಳನ್ನು ಪುಸ್ತಕ ನೋಡದೆ ನುಡಿಸಿ ತಂದೆಗೆ ಅಚ್ಚರಿಯ ಕಾಣಿಕೆ ನೀಡಿದಳು. ಏಳು ವರ್ಷ ಮೊದಲೇ ಕುಟುಂಬ ಬರ್ಲಿನ್ನಿಗೆ ಬಂದು ನೆಲೆಸಿಯಾಗಿತ್ತು ಎನ್ನುವುದಕ್ಕಿಂತಲೂ ಮುಖ್ಯ, ಅಲ್ಲಿ ಆ ಕುಟುಂಬಕ್ಕೆ ದೊರೆತ ಗುರುಗಳು. ಪಿಯಾನೊಗೆ ಲುಡ್ವಿಗ್ ಬರ್ಗರ್, ಸಂಗೀತ ರಚನೆಗೆ ಕಾರ್ಲ್ ಫ್ರೆಡರಿಕ್ ಜೆಲ್ಟರ್. ಜೆಲ್ಟರ್ ಮಹಾಕವಿ ಗಯಟೆಯ ಆಪ್ತ ಸ್ನೇಹಿತರು, ಬರ್ಲಿನ್ನಿನ ಪ್ರಸಿದ್ಧ ಗಾಯನ ಸಂಸ್ಥೆಯ ಮುಖ್ಯಸ್ಥರು. ಅಕ್ಕ ತಮ್ಮ ಇಬ್ಬರನ್ನೂ ಅವರು ಒಂದೇ ರೀತಿ ತಿದ್ದಿದರು. ಕಲಿಸುವುದರಲ್ಲಿ ಹುಡುಗ, ಹುಡುಗಿ ಎಂಬ ಭೇದ ಆ ಮನೆಯಲ್ಲಿ ಇರಲಿಲ್ಲ. ಭೇದ ಬಂದದ್ದು ಕಲಿತ ಮೇಲೆ.

ತಂದೆ ಬರೆದ ಎರಡು ಪತ್ರಗಳು

1820ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಅಬ್ರಹಾಂ ಮಗಳಿಗೊಂದು ಪತ್ರ ಬರೆದರು. ಆಗ ಆಕೆಗೆ ಹದಿನಾಲ್ಕು ವರ್ಷ. ಸಂಗೀತ ಬಹುಶಃ ಫೆಲಿಕ್ಸ್‌ನ ವೃತ್ತಿಯಾದೀತು, ನಿನಗಾದರೋ ಅದು ಬರಿಯ ಒಡವೆಯಾಗಿರಬಲ್ಲದು, ಹಾಗೆಯೇ ಇರಬೇಕು ಎಂಬುದು ಆ ಪತ್ರದ ಸಾರಾಂಶ. ಬಯ್ಗುಳವಿಲ್ಲ, ಬೆದರಿಕೆಯಿಲ್ಲ. ತಮ್ಮನಿಗೆ ಸಿಗುವ ಮನ್ನಣೆಯನ್ನು ಕಂಡು ಸಂತೋಷಪಡುವ ಮಗಳ ಒಳ್ಳೆಯ ಗುಣಕ್ಕೆ ಮೆಚ್ಚುಗೆಯೂ ಅದರಲ್ಲಿತ್ತು.

ಪತ್ರದ ಮಾತಿನಂತೆಯೇ ಎಲ್ಲವೂ ನಡೆಯಿತು. ಮರುವರ್ಷ ಜೆಲ್ಟರ್ ಹನ್ನೆರಡು ವರ್ಷದ ಫೆಲಿಕ್ಸ್‌ನನ್ನು ವೈಮಾರ್‌ಗೆ ಕರೆದೊಯ್ದು ಗಯಟೆಗೆ ಪರಿಚಯಿಸಿದರು. ಹುಡುಗನ ಕೃತಿಗಳು ಅಚ್ಚಾದವು. ಸಭೆಗಳಲ್ಲಿ ಅವನ ಹೆಸರು ಕೇಳಿಬಂತು. ಅಕ್ಕ ಮನೆಯಲ್ಲಿದ್ದಳು. ಅಲ್ಲಿಯೇ ಬರೆದಳು, ಅಲ್ಲಿಯೇ ನುಡಿಸಿದಳು. ತಮ್ಮ ಏನು ಬರೆದರೂ ಮೊದಲು ಒಪ್ಪಿಸುತ್ತಿದ್ದುದು ಅಕ್ಕನಿಗೆ. ಆಕೆ ಬೇಡವೆಂದದ್ದನ್ನು ಅವನು ತಿದ್ದುತ್ತಿದ್ದ. ತನಗಿಂತ ಅಕ್ಕನೇ ಚೆನ್ನಾಗಿ ಪಿಯಾನೊ ನುಡಿಸುತ್ತಾಳೆ ಎಂದು ಅವನು ಹೇಳಿಕೊಳ್ಳುತ್ತಿದ್ದ.

ಎರಡನೆಯ ಪತ್ರ ಬಂದದ್ದು 1828ರ ನವೆಂಬರ್‌ನಲ್ಲಿ, ಆಕೆಯ ಇಪ್ಪತ್ತಮೂರನೆಯ ಹುಟ್ಟುಹಬ್ಬಕ್ಕೆ. ಇನ್ನು ಮನಸ್ಸನ್ನು ಸ್ಥಿಮಿತಕ್ಕೆ ತಂದುಕೋ, ಹೆಣ್ಣಿಗೆ ಇರುವ ಒಂದೇ ಕಸುಬು ಗೃಹಿಣಿಯದು, ಅದಕ್ಕೆ ಸಿದ್ಧಳಾಗು ಎಂಬ ಅರ್ಥದ ಬುದ್ಧಿಮಾತು. ಈ ಪತ್ರದ ಇಸವಿಯನ್ನು ಗಮನಿಸಬೇಕು. ‘ಈಸ್ಟರ್ ಸೊನಾಟಾ’ ರಚನೆಯಾದದ್ದು ಅದೇ ವರ್ಷದಲ್ಲಿ. ಸಂಗೀತ ಒಡವೆಯಷ್ಟೇ ಎಂಬ ಮಾತಿಗೆ ಮಗಳ ಉತ್ತರ ಅದಾಗಲೇ ಆಕೆಯ ಹೊತ್ತಿಗೆಯ ಹಾಳೆಗಳ ಮೇಲೆ ಮೂಡಿತ್ತು.

ಒಡವೆಯಲ್ಲ, ಕಟ್ಟಡ

ಸೊನಾಟಾ ಎಂದರೆ ಸಾಮಾನ್ಯವಾಗಿ ಮೂರು ನಾಲ್ಕು ಭಾಗಗಳಿರುವ ದೀರ್ಘ ವಾದ್ಯಕೃತಿ. ಹಾಡಿಗಾದರೆ ಸಾಹಿತ್ಯದ ಆಸರೆ ಇರುತ್ತದೆ. ಸೊನಾಟಾಕ್ಕೆ ಅದಿಲ್ಲ. ಬರಿಯ ಸ್ವರಗಳಿಂದಲೇ ಕೇಳುಗನನ್ನು ಹಿಡಿದು ನಿಲ್ಲಿಸಿ, ಒಂದು ಭಾವದಿಂದ ಇನ್ನೊಂದಕ್ಕೆ ದಾಟಿಸಿ, ಕೊನೆ ಮುಟ್ಟಿಸಬೇಕು. ಆ ಕಾಲದಲ್ಲಿ ಹೆಣ್ಣುಮಕ್ಕಳು ರಚಿಸಬಹುದು ಎಂದು ಸಮಾಜ ಒಪ್ಪಿದ್ದು ಚಿಕ್ಕ ಚಿಕ್ಕ ಹಾಡುಗಳನ್ನು, ದಿವಾನಖಾನೆಯಲ್ಲಿ ಅತಿಥಿಗಳೆದುರು ನುಡಿಸುವ ಲಘು ತುಣುಕುಗಳನ್ನು. ಬೀಥೋವನ್ ತೀರಿಕೊಂಡು ಆಗಿನ್ನೂ ಒಂದು ವರ್ಷವಾಗಿತ್ತು. ಸೊನಾಟಾ ಎಂದರೆ ಆ ದೈತ್ಯನ ಕ್ಷೇತ್ರ. ಫ್ಯಾನಿ ಕೈಹಾಕಿದ್ದು ಅಲ್ಲಿಗೆ.

ಕೃತಿ ‘ಎ ಮೇಜರ್’ ಶ್ರುತಿಯಲ್ಲಿದೆ. ನಾಲ್ಕು ಭಾಗಗಳು. ಮೊದಲನೆಯದು ಅವಸರವಿಲ್ಲದೆ, ಹಾಡಿನಂತೆ ತೆರೆದುಕೊಳ್ಳುತ್ತದೆ. ಎರಡನೆಯ ಭಾಗ ನಿಧಾನಗತಿಯದು, ಗಂಭೀರ. ಅಲ್ಲಿ ಫ್ಯೂಗ್ ಬರುತ್ತದೆ. ಬಾಕ್‌ನಿಂದ ಕಲಿತ ಪಾಠವನ್ನು ಫ್ಯಾನಿ ಒಪ್ಪಿಸುತ್ತಿಲ್ಲ, ತನ್ನ ಮಾತಾಗಿ ಆಡುತ್ತಿದ್ದಾಳೆ ಎಂಬುದು ಇಲ್ಲಿ ತಿಳಿಯುತ್ತದೆ. ಮೂರನೆಯದು ಹಗುರ ಹೆಜ್ಜೆಯ ‘ಸ್ಕೆರ್ಟ್ಸೊ’.

ನಾಲ್ಕನೆಯ ಭಾಗದಲ್ಲಿ ಬಿರುಗಾಳಿ ಏಳುತ್ತದೆ. ಏಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಗಳಿಗೆಯಲ್ಲಿ ಭೂಮಿ ನಡುಗಿತು, ದೇವಾಲಯದ ಪರದೆ ಹರಿದು ಇಬ್ಭಾಗವಾಯಿತು ಎಂದು ಬೈಬಲ್ ಹೇಳುತ್ತದೆ. ಕೆಳಗಿನ ಸ್ವರಗಳ ಗುಡುಗಿನಲ್ಲಿ, ಎಡೆಬಿಡದೆ ನಡುಗುವ ಕೈಚಳಕದಲ್ಲಿ ಆ ಕಂಪನ ಕೇಳಿಸುತ್ತದೆ. ಆಮೇಲೆ ಗದ್ದಲದ ಒಳಗಿನಿಂದ ಚರ್ಚಿನ ಹಳೆಯ ಸ್ತೋತ್ರವೊಂದರ ಧಾಟಿ ಮೂಡುತ್ತದೆ. ‘ಕ್ರಿಸ್ತನೇ, ದೇವರ ಕುರಿಮರಿಯೇ’ ಎಂದು ಆರಂಭವಾಗುವ ಸ್ತೋತ್ರ ಅದು. ಪಿಯಾನೊದಲ್ಲಿ ಮಾತಿಲ್ಲ, ಆದರೆ ಅಂದಿನ ಬರ್ಲಿನ್ನಿನ ಕೇಳುಗನಿಗೆ ಧಾಟಿ ಕೇಳಿದೊಡನೆ ಮಾತು ನೆನಪಾಗುತ್ತಿತ್ತು. ದಾಸರ ಪದವೊಂದನ್ನು ಕೊಳಲಿನಲ್ಲಿ ನುಡಿಸಿದರೆ ನಮ್ಮ ಕಿವಿ ತಾನಾಗಿಯೇ ಸಾಹಿತ್ಯವನ್ನು ಜೋಡಿಸಿಕೊಳ್ಳುವುದಿಲ್ಲವೇ, ಹಾಗೆ.

ಈ ಸ್ತೋತ್ರದ ಆಯ್ಕೆಯ ಹಿಂದೊಂದು ಸ್ವಾರಸ್ಯವಿದೆ. 1827ರ ಕ್ರಿಸ್‌ಮಸ್‌ಗೆ ಫೆಲಿಕ್ಸ್ ಇದೇ ಸ್ತೋತ್ರವನ್ನು ಆಧರಿಸಿ ಸಮೂಹಗಾಯನದ ಕೃತಿಯೊಂದನ್ನು ರಚಿಸಿ ಅಕ್ಕನಿಗೆ ಉಡುಗೊರೆಯಾಗಿ ಕೊಟ್ಟಿದ್ದ. ಮರುವರ್ಷವೇ ಅಕ್ಕ ಅದೇ ಧಾಟಿಯನ್ನು ತನ್ನ ಸೊನಾಟಾದ ತುದಿಗೆ ತಂದು ನಿಲ್ಲಿಸಿದಳು. ಅಕ್ಕ ತಮ್ಮಂದಿರ ನಡುವೆ ನಡೆಯುತ್ತಿದ್ದ ಸಂಗೀತ ಸಂಭಾಷಣೆ ಅಂಥದು. ಮುಂದೆ ಕೃತಿ ಯಾರದೆಂಬ ಗೊಂದಲ ಹುಟ್ಟಲು ಈ ಸಾಮೀಪ್ಯವೂ ಒಂದು ಕಾರಣವಾಯಿತೆಂದರೆ ತಪ್ಪಾಗಲಾರದು.

ಒಡಹುಟ್ಟಿದವನ ಹೆಸರಿನಲ್ಲಿ

1829ರ ಮಾರ್ಚ್ 11ರಂದು ಇಪ್ಪತ್ತು ವರ್ಷದ ಫೆಲಿಕ್ಸ್, ಜನ ಮರೆತಿದ್ದ ಬಾಕ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಎಂಬ ಮಹಾಕೃತಿಯನ್ನು ಬರ್ಲಿನ್ನಿನಲ್ಲಿ ಪ್ರದರ್ಶಿಸಿ ಚರಿತ್ರೆಯ ಪುಟ ಸೇರಿದ. ಫ್ಯಾನಿ ಆ ದಿನ ಸಮೂಹಗಾಯಕರ ಸಾಲಿನಲ್ಲಿ ನಿಂತು ಹಾಡಿದಳು. ಏಪ್ರಿಲ್‌ನಲ್ಲಿ ಫೆಲಿಕ್ಸ್ ಲಂಡನ್ನಿಗೆ ಹೊರಟ. ಅದೇ ತಿಂಗಳ ತನ್ನ ದಿನಚರಿಯಲ್ಲಿ ಫ್ಯಾನಿ, ಫೆಲಿಕ್ಸ್ ತನ್ನ ಈಸ್ಟರ್ ಸೊನಾಟಾವನ್ನು ನುಡಿಸಿದ ವಿಷಯವನ್ನು ಬರೆದಿಟ್ಟಳು. ಆ ಒಂದು ಸಾಲಿನ ಬೆಲೆ ಏನೆಂಬುದು ತಿಳಿದದ್ದು ಮುಂದಿನ ಶತಮಾನದಲ್ಲಿ.

ಫ್ಯಾನಿಯ ಸಂಗೀತ ಅಚ್ಚಿನಲ್ಲಿ ಬರಲೇ ಇಲ್ಲವೆಂದಲ್ಲ. ಬಂತು, ತಮ್ಮನ ಹೆಸರಿನಲ್ಲಿ. ಫೆಲಿಕ್ಸ್‌ನ ಎಂಟನೆಯ ಮತ್ತು ಒಂಬತ್ತನೆಯ ಪ್ರಕಟಣೆಗಳಾದ ಎರಡು ಗೀತಸಂಪುಟಗಳಲ್ಲಿ ತಲಾ ಮೂರರಂತೆ ಆರು ಹಾಡುಗಳು ಅಕ್ಕನವು. ಮನೆಯವರಿಗೆಲ್ಲ ಇದು ಗೊತ್ತಿತ್ತು. ಹೆಣ್ಣುಮಗಳ ಹೆಸರು ಅಂಗಡಿಯ ಕಪಾಟಿಗೆ ಬರುವುದಕ್ಕಿಂತ ಇದೇ ಮೇಲು ಎಂಬುದು ಅಂದಿನ ಮರ್ಯಾದಸ್ಥ ಮನೆಗಳ ತಿಳಿವಳಿಕೆ.

1842ರಲ್ಲಿ ಫೆಲಿಕ್ಸ್ ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆಗೆ ಹೋಗಿದ್ದಾಗ ನಡೆದ ಪ್ರಸಂಗವನ್ನು ಅವನೇ ತಾಯಿಗೆ ಬರೆದು ತಿಳಿಸಿದ್ದಾನೆ. ವಿಕ್ಟೋರಿಯಾ ರಾಣಿ ಅವನ ಗೀತಸಂಪುಟ ತೆರೆದು ತನಗೆ ಪ್ರಿಯವಾದ ‘ಇಟಲಿ’ ಎಂಬ ಹಾಡನ್ನು ಆರಿಸಿ ಹಾಡಿದಳು. ಹಾಡು ಮುಗಿದ ಮೇಲೆ ಫೆಲಿಕ್ಸ್, ಇದು ನನ್ನದಲ್ಲ, ನನ್ನ ಅಕ್ಕನದು ಎಂದು ಒಪ್ಪಿಕೊಳ್ಳಬೇಕಾಯಿತು. ಅವನು ಸತ್ಯವನ್ನೇ ಹೇಳಿದ. ಆದರೆ ಅದು ಅರಮನೆಯ ಒಂದು ಕೋಣೆಯಲ್ಲಿ ಹೇಳಿದ ಸತ್ಯ. ಪುಸ್ತಕದ ಮೇಲಿನ ಹೆಸರು ಹಾಗೆಯೇ ಉಳಿಯಿತು.

ಭಾನುವಾರದ ಸಂಗೀತ

1829ರ ಅಕ್ಟೋಬರ್‌ನಲ್ಲಿ ಫ್ಯಾನಿ ಚಿತ್ರಕಾರ ವಿಲ್‌ಹೆಲ್ಮ್ ಹೆನ್ಸೆಲ್‌ನನ್ನು ಮದುವೆಯಾದಳು. ಮದುವೆಯ ಸಂಗೀತವನ್ನು ತಮ್ಮ ಬರೆದು ಕಳಿಸಬೇಕಿತ್ತು. ಲಂಡನ್ನಿನಲ್ಲಿ ಗಾಡಿಯಿಂದ ಬಿದ್ದು ಮೊಣಕಾಲಿಗೆ ಪೆಟ್ಟಾಗಿ ಅವನು ಹಾಸಿಗೆ ಹಿಡಿದ. ಕೊನೆಗೆ ಮದುವಣಗಿತ್ತಿಯೇ ಹಿಂದಿನ ರಾತ್ರಿ ಕುಳಿತು ತನ್ನ ಮದುವೆಗೆ ತಾನೇ ಸಂಗೀತ ಬರೆದುಕೊಂಡಳು!

ಪತಿ ಹೆನ್ಸೆಲ್ ಆಕೆಯ ರಚನೆಗೆ ಅಡ್ಡಬರಲಿಲ್ಲ, ಪ್ರೋತ್ಸಾಹವನ್ನೇ ಕೊಟ್ಟ. 1831ರಿಂದ ಬರ್ಲಿನ್ನಿನ ತಮ್ಮ ಮನೆಯಲ್ಲಿ ಫ್ಯಾನಿ ಭಾನುವಾರದ ಸಂಗೀತ ಕೂಟಗಳನ್ನು ನಡೆಸಿದಳು. ಕಾರ್ಯಕ್ರಮ ಆರಿಸುವವಳು, ಗಾಯಕರನ್ನು ತಿದ್ದುವವಳು, ಪಿಯಾನೊ ನುಡಿಸುವವಳು, ಸಮೂಹವನ್ನು ಮುನ್ನಡೆಸುವವಳು ಎಲ್ಲ ಆಕೆಯೇ. ಫ್ರಾನ್ಸ್ ಲಿಸ್ಟ್‌ನಂಥ ಮಹಾವಾದಕರೂ ಅಲ್ಲಿಗೆ ಅತಿಥಿಗಳಾಗಿ ಬಂದರು. ಆದರೆ ಅದು ಮನೆ, ಸಭಾಂಗಣವಲ್ಲ. ಟಿಕೆಟ್ಟಿಲ್ಲ, ಪತ್ರಿಕೆಗಳ ವಿಮರ್ಶೆಯಿಲ್ಲ. ಸಾರ್ವಜನಿಕ ವೇದಿಕೆಯಲ್ಲಿ ಆಕೆ ಪಿಯಾನೊ ನುಡಿಸಿದ್ದಾಗಿ ತಿಳಿದಿರುವುದು 1838ರಲ್ಲಿ, ಧರ್ಮಾರ್ಥ ನಡೆದ ಒಂದು ಕಾರ್ಯಕ್ರಮದಲ್ಲಿ. ಅಂದೂ ನುಡಿಸಿದ್ದು ತಮ್ಮನ ಕೃತಿಯನ್ನು.

ಇದು ಆ ಕಾಲದ ಎಲ್ಲ ಹೆಂಗಸರ ಪಾಡಾಗಿತ್ತೇ? ಪೂರ್ತಿ ಹಾಗೆನ್ನಲಾಗದು. ಫ್ಯಾನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳಾದ ಕ್ಲಾರಾ ಶೂಮನ್‌ಳನ್ನು ಆಕೆಯ ತಂದೆ ಬಾಲ್ಯದಿಂದಲೇ ವೇದಿಕೆಗೆಂದು ತಯಾರು ಮಾಡಿದ. ಆಕೆ ಯೂರೋಪಿನ ನಗರಗಳಲ್ಲಿ ನುಡಿಸಿ ಹಣ ಗಳಿಸಿದಳು, ಮುಂದೆ ತನ್ನ ಸಂಸಾರವನ್ನೂ ಸಾಕಿದಳು. ಆಕೆಯ ತಂದೆ ಪಿಯಾನೊ ಮೇಷ್ಟರು. ದುಡಿಮೆ ಆ ಮನೆಗೆ ಅವಮಾನವಲ್ಲ. ಮೆಂಡೆಲ್ಸನ್ನರು ಶ್ರೀಮಂತರು. ಮಗಳು ಜನರೆದುರು ನುಡಿಸಿ ಹಣ ಪಡೆಯುವುದು ಮನೆತನದ ಗೌರವಕ್ಕೆ ಕುಂದು. ಬಡತನವೇ ಪ್ರತಿಭೆಗೆ ಅಡ್ಡಿ ಎನ್ನುವುದು ಸಾಮಾನ್ಯ. ಇಲ್ಲಿ ಸಿರಿತನವೇ ಬಾಗಿಲಿಗೆ ಅಡ್ಡ ನಿಂತಿತು.

ಬಾಗಿಲು ಮುಚ್ಚಿದ್ದರ ನಷ್ಟ ಏನೆಂಬುದನ್ನು ಫ್ಯಾನಿಯೇ ಚೆನ್ನಾಗಿ ಬಲ್ಲಳು. 1836ರಲ್ಲಿ ಲಂಡನ್ನಿನ ಕುಟುಂಬ ಸ್ನೇಹಿತನೊಬ್ಬನಿಗೆ ಬರೆದ ಪತ್ರದಲ್ಲಿ ಆಕೆ ಇದನ್ನು ಹೇಳಿಕೊಂಡಿದ್ದಾಳೆ. ತನ್ನ ಹಾಡುಗಳನ್ನು ಕೇಳುವವರೇ ಇಲ್ಲ. ಹೊರಗಿನವರ ಅಭಿಪ್ರಾಯ ಎಂದೂ ಎದುರಾಗದಿದ್ದರೆ, ಬರೆಯುವ ಸಂತೋಷವೂ ಹೋಗುತ್ತದೆ, ಬರೆದದ್ದು ಹೇಗಿದೆ ಎಂದು ತೂಗುವ ಶಕ್ತಿಯೂ ಹೋಗುತ್ತದೆ ಎಂಬುದು ಆಕೆಯ ಅಳಲು. ಯಾವ ವಿದ್ಯಾರ್ಥಿಗಾದರೂ ಅರ್ಥವಾಗುವ ಮಾತಿದು. ಎಷ್ಟು ಓದಿದರೂ ಪರೀಕ್ಷೆಗೆ ಕೂರಲು ಬಿಡದಿದ್ದರೆ ತನಗೆ ಎಷ್ಟು ಗೊತ್ತು ಎಂಬುದು ತಿಳಿಯುವುದು ಹೇಗೆ?

ಮಗಳು ಕೃತಿಗಳನ್ನು ಅಚ್ಚು ಮಾಡಿಸಲಿ ಎಂಬ ಆಸೆ ತಾಯಿ ಲೇಯಾಗಿತ್ತು. ತಂದೆ 1835ರಲ್ಲಿ ತೀರಿಕೊಂಡಿದ್ದರು. ಅಕ್ಕನನ್ನು ನೀನು ಹುರಿದುಂಬಿಸು ಎಂದು 1837ರಲ್ಲಿ ತಾಯಿ ಕೇಳಿದಾಗ ಫೆಲಿಕ್ಸ್ ಒಪ್ಪಲಿಲ್ಲ. ಅಕ್ಕನಿಗೆ ಮನೆಯಿದೆ, ಮಗುವಿದೆ. ಆ ಜವಾಬ್ದಾರಿ ಮುಗಿಯುವ ತನಕ ಲೋಕದ ಗೊಡವೆ ಆಕೆಗೆ ಬೇಡ ಎಂಬುದು ಅವನ ವಾದ. ಅಕ್ಕನ ಸಂಗೀತವನ್ನು ಅವನಷ್ಟು ಮೆಚ್ಚಿದವರು ಇನ್ನೊಬ್ಬರಿರಲಿಲ್ಲ. ಅದನ್ನು ಹೊಸ್ತಿಲೊಳಗೆ ನಿಲ್ಲಿಸಿದವನೂ ಅವನೇ.

ನಲವತ್ತರಲ್ಲಿ ಬಂದ ಧೈರ್ಯ

1846ರಲ್ಲಿ ಫ್ಯಾನಿ ತೀರ್ಮಾನಕ್ಕೆ ಬಂದಳು. ಬರ್ಲಿನ್ನಿನ ಪ್ರಕಾಶಕರು ತಾವಾಗಿಯೇ ಕೇಳಿದ್ದರು. ಆಕೆ ತಮ್ಮನಿಗೆ ಪತ್ರ ಬರೆದು ವಿಷಯ ತಿಳಿಸಿದಳು. ಹದಿನಾಲ್ಕರಲ್ಲಿ ತಂದೆಗೆ ಹೆದರುತ್ತಿದ್ದಂತೆ ನಲವತ್ತರಲ್ಲಿ ತಮ್ಮಂದಿರಿಗೆ ಹೆದರುತ್ತಿದ್ದೇನಲ್ಲಾ ಎಂದು ತನ್ನನ್ನೇ ಗೇಲಿ ಮಾಡಿಕೊಂಡಳು. ಆದರೆ ಅನುಮತಿ ಕೇಳಲಿಲ್ಲ. ಫೆಲಿಕ್ಸ್ ಕೆಲವು ವಾರ ಸುಮ್ಮನಿದ್ದು, ಆಗಸ್ಟ್‌ನಲ್ಲಿ ಆಶೀರ್ವಾದದ ಉತ್ತರ ಕಳಿಸಿದ. ಆರು ಹಾಡುಗಳ ಸಂಪುಟ ‘ಫ್ಯಾನಿ ಹೆನ್ಸೆಲ್’ ಎಂಬ ಹೆಸರಿನಲ್ಲಿ ಆಕೆಯ ಮೊದಲ ಪ್ರಕಟಣೆಯಾಗಿ ಹೊರಬಂತು. ಅದರ ಬೆನ್ನಿಗೇ ಪಿಯಾನೊ ಕೃತಿಗಳೂ ಬಂದವು.

ಆದರೆ ಕಾಲ ಕಡಿಮೆಯಿತ್ತು. 1847ರ ಮೇ 14ರಂದು ಮುಂದಿನ ಭಾನುವಾರದ ಕೂಟಕ್ಕಾಗಿ ತಾಲೀಮು ನಡೆಸುತ್ತಿದ್ದಾಗ, ಪಿಯಾನೊ ಮೇಲಿದ್ದ ಕೈಗಳು ಮರಗಟ್ಟಿದವು. ಮೆದುಳಿನ ಆಘಾತ. ಅಂದೇ ರಾತ್ರಿ ಪ್ರಾಣ ಹೋಯಿತು. ವಯಸ್ಸು ನಲವತ್ತೊಂದು. ಅಂದು ತಾಲೀಮು ನಡೆಯುತ್ತಿದ್ದುದೂ ಫೆಲಿಕ್ಸ್‌ನ ಕೃತಿಯೇ. ಅಕ್ಕನ ಸಾವಿನಿಂದ ತಮ್ಮ ಚೇತರಿಸಿಕೊಳ್ಳಲಿಲ್ಲ. ಆರು ತಿಂಗಳು ತುಂಬುವ ಮುನ್ನ, ನವೆಂಬರ್ 4ರಂದು, ಅವನೂ ತೀರಿಕೊಂಡ.

ಫ್ಯಾನಿ ಬರೆದ ಕೃತಿಗಳ ಸಂಖ್ಯೆ 450ಕ್ಕೂ ಹೆಚ್ಚು. 1841ರ ‘ವರ್ಷ’ ಎಂಬ ಪಿಯಾನೊ ಮಾಲಿಕೆಯಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಕೃತಿಗಳಿವೆ. ಇವುಗಳಲ್ಲಿ ಬಹುಪಾಲು ಹಸ್ತಪ್ರತಿಯಲ್ಲೇ ಉಳಿದವು. ನಮ್ಮಲ್ಲಿ ಕೀರ್ತನೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದು ಬರುತ್ತದೆ. ಕಾಗದ ಹೋದರೂ ಹಾಡು ಉಳಿಯಬಹುದು. ಪಾಶ್ಚಾತ್ಯ ಸಂಗೀತದಲ್ಲಿ ಹಾಗಲ್ಲ. ಅಲ್ಲಿ ಕೃತಿ ಇರುವುದು ಕಾಗದದ ಮೇಲಿನ ಸ್ವರಲಿಪಿಯಲ್ಲಿ. ಹಾಳೆ ಕಣ್ಮರೆಯಾದರೆ ಕೃತಿಯೂ ಕಣ್ಮರೆ. ‘ಈಸ್ಟರ್ ಸೊನಾಟಾ’ಕ್ಕೆ ಆದದ್ದು ಅದೇ. ದಿನಚರಿಯಲ್ಲಿ ಹೆಸರಿತ್ತು, ಹಾಳೆಗಳು ಇರಲಿಲ್ಲ.

ಪುಟಸಂಖ್ಯೆ ನುಡಿದ ಸಾಕ್ಷಿ

ಮೊದಲೇ ಹೇಳಿದಂತೆ ಹಾಳೆಗಳು ಪ್ಯಾರಿಸ್ಸಿನಲ್ಲಿ ಸಿಕ್ಕವು. ಕೊಂಡವರು ಒಬ್ಬ ಖಾಸಗಿ ಸಂಗ್ರಾಹಕರು. ಕೃತಿ ಫೆಲಿಕ್ಸ್‌ನದೆಂದು ಪ್ರಚಾರವಾಯಿತು. ಫ್ಯಾನಿಯ ಬರಹಗಳನ್ನು ಓದಿದ್ದ ವಿದ್ವಾಂಸರಿಗೆ ಅನುಮಾನ ಬಂತು. ಆಕೆಯ ದಿನಚರಿಯಲ್ಲಿ ಬರುವ ಈಸ್ಟರ್ ಸೊನಾಟಾ ಇದೇ ಇರಬಹುದಲ್ಲವೇ? ಆದರೆ ಅನುಮಾನ ಪುರಾವೆಯಲ್ಲ. ಮೂಲ ಹಸ್ತಪ್ರತಿಯನ್ನು ನೋಡದೆ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆಗ ಸಂಶೋಧನ ವಿದ್ಯಾರ್ಥಿನಿಯಾಗಿದ್ದ ಆಂಜೆಲಾ ಮೇಸ್ ಈ ಕೆಲಸಕ್ಕೆ ಕೈಹಾಕಿದರು. 2010ರಲ್ಲಿ ಪ್ಯಾರಿಸ್ಸಿಗೆ ಹೋಗಿ ಮೂಲ ಹಸ್ತಪ್ರತಿಯನ್ನೇ ಪರಿಶೀಲಿಸಿದರು. ಅವರು ನೋಡಿದ್ದು ಎರಡು ಸಂಗತಿಗಳನ್ನು.

ಮೊದಲನೆಯದು ಕೈಬರಹ. ಸ್ವರಗಳನ್ನು ಗುರುತಿಸುವ ರೀತಿ ಒಬ್ಬೊಬ್ಬರದೂ ಒಂದೊಂದು ಬಗೆ. ಹಸ್ತಪ್ರತಿಯ ಕೈ ಫ್ಯಾನಿಯದೆಂಬುದು ಆಕೆಯ ಬೇರೆ ಬರಹಗಳ ಜೊತೆಯಿಟ್ಟು ನೋಡಿದಾಗ ಸ್ಪಷ್ಟವಾಯಿತು. ಎರಡನೆಯದು ಇನ್ನೂ ಸರಳ. ಹಾಳೆಗಳ ಮೂಲೆಯಲ್ಲಿದ್ದ ಪುಟಸಂಖ್ಯೆ! ಬರ್ಲಿನ್ನಿನಲ್ಲಿ ಕಾಪಾಡಿಟ್ಟಿರುವ ಫ್ಯಾನಿಯ ಹಸ್ತಪ್ರತಿಗಳ ಸಂಪುಟವೊಂದರಲ್ಲಿ ನಡುವಿನ ಕೆಲವು ಪುಟಗಳು ಇರಲಿಲ್ಲ. ಪ್ಯಾರಿಸ್ಸಿನ ಹಾಳೆಗಳ ಮೇಲಿನ ಅಂಕಿಗಳು ಆ ಖಾಲಿ ಜಾಗಕ್ಕೆ ಸರಿಯಾಗಿ ಹೊಂದಿಕೊಂಡವು. ಕಳೆದುಹೋದ ಹಲ್ಲನ್ನು ಅದರ ಸಂದಿಗೇ ಕೂರಿಸಿದಂತಾಯಿತು.

ಯಾವ ಯಂತ್ರವೂ, ಯಾವ ರಾಸಾಯನಿಕ ಪರೀಕ್ಷೆಯೂ ಇಲ್ಲಿ ತೀರ್ಪು ಕೊಡಲಿಲ್ಲ. ಎಲ್ಲರೂ ಒಪ್ಪಿಕೊಂಡದ್ದನ್ನು ಒಬ್ಬ ವಿದ್ಯಾರ್ಥಿನಿ ಇನ್ನೊಮ್ಮೆ ಕೇಳಿದರು. ಹಾಳೆಯನ್ನು ಕಣ್ಣಾರೆ ನೋಡಿದರು. ಪುಟಸಂಖ್ಯೆಯಂಥ ಸಣ್ಣ ಸಂಗತಿಯನ್ನು ಸಣ್ಣದೆಂದು ಬಿಡಲಿಲ್ಲ. ವಿಜ್ಞಾನವಿರಲಿ, ಚರಿತ್ರೆಯಿರಲಿ, ಸಂಶೋಧನೆ ಎಂದರೆ ಬಹಳ ಸಲ ಇಷ್ಟೇ.

2012ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೊನಾಟಾವನ್ನು ಫ್ಯಾನಿಯ ಹೆಸರಿನಲ್ಲಿ ನುಡಿಸಲಾಯಿತು. 2017ರ ಮಾರ್ಚ್ 8, ಅಂತರರಾಷ್ಟ್ರೀಯ ಮಹಿಳಾ ದಿನದಂದು, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಸೋಫಿಯಾ ಗುಲ್ಯಾಕ್ ಅದನ್ನು ನುಡಿಸಿದರು. ಬಿ.ಬಿ.ಸಿ. ರೇಡಿಯೊ ಆ ಕಛೇರಿಯನ್ನು ಪ್ರಸಾರ ಮಾಡಿತು. ಫ್ಯಾನಿಯ ವಂಶದವರೇ ಆದ ಚಲನಚಿತ್ರ ನಿರ್ದೇಶಕಿ ಶೀಲಾ ಹೇಮನ್ 2023ರಲ್ಲಿ ತಮ್ಮ ಪೂರ್ವಜೆಯ ಬದುಕನ್ನು ಕುರಿತ ಸಾಕ್ಷ್ಯಚಿತ್ರವನ್ನು ಹೊರತಂದರು.

ಕಲಿಸಿದ ಮೇಲೆ?

ಮೆಂಡೆಲ್ಸನ್ ದಂಪತಿ ಮಗಳಿಗೆ ಏನನ್ನು ಕೊಡಲಿಲ್ಲ? ಒಳ್ಳೆಯ ಗುರುಗಳು, ವಾದ್ಯ, ಪುಸ್ತಕ, ಬಿಡುವು, ಪ್ರೀತಿ ಎಲ್ಲವೂ ಇತ್ತು. ಕೊಡದಿದ್ದದ್ದು ಒಂದೇ. ಕಲಿತದ್ದನ್ನು ತನ್ನ ಹೆಸರಿನಲ್ಲಿ ಲೋಕದ ಮುಂದಿಟ್ಟು, ಹೊಗಳಿಕೆಯನ್ನೋ ತೆಗಳಿಕೆಯನ್ನೋ ತಾನೇ ಪಡೆಯುವ ಅವಕಾಶ.

ಈ ಮಾತು ಇನ್ನೂರು ವರ್ಷ ಹಳೆಯದೆಂದು ಬದಿಗಿಡುವಂತಿಲ್ಲ. ಮಗಳಿಗೆ ಸಂಗೀತ, ನೃತ್ಯ, ಚಿತ್ರಕಲೆ ಕಲಿಸಲು ಉತ್ಸಾಹದಿಂದ ಕಳಿಸುವ ಮನೆಗಳು ಇಂದು ಬೇಕಾದಷ್ಟಿವೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದೊಡನೆ ಆ ಕ್ಲಾಸು ನಿಲ್ಲುತ್ತದೆ. ಉಳಿದರೂ ಮದುವೆ ಮಾತುಕತೆಯ ದಿನ ಬಂದವರೆದುರು ಒಂದು ಹಾಡು ಹೇಳಿಸುವಷ್ಟಕ್ಕೆ ಉಳಿಯುತ್ತದೆ. ಮಗನ ವಿಷಯದಲ್ಲೂ ಬೇರೆ ರೀತಿಯಲ್ಲಿ ಹೀಗೆಯೇ ಆಗುವುದುಂಟು. ಇದರ ಹಿಂದೆ ಕೆಟ್ಟ ಉದ್ದೇಶವಿರುವುದಿಲ್ಲ, ಅಬ್ರಹಾಂ ಅವರಿಗೂ ಇರಲಿಲ್ಲ. ಕಲಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದನ್ನು ಕೇಳಿಕೊಳ್ಳದೆ ಬಿಟ್ಟಿರುತ್ತೇವೆ ಅಷ್ಟೆ. ಈ ಮಗು ಇದರಲ್ಲಿ ನಿಜವಾಗಿ ಮುಂದೆ ಬಂದರೆ, ಆಗ ನಾವು ಏನು ಮಾಡುತ್ತೇವೆ?

‘ಈಸ್ಟರ್ ಸೊನಾಟಾ’ದ ಧ್ವನಿಮುದ್ರಣಗಳು ಈಗ ಫ್ಯಾನಿಯ ಹೆಸರಿನಲ್ಲೇ ದೊರೆಯುತ್ತವೆ. ಪಾಶ್ಚಾತ್ಯ ಸಂಗೀತದ ಪರಿಚಯ ಇಲ್ಲದವರೂ ಒಮ್ಮೆ ಕೇಳಬಹುದು. ಮೊದಲ ಸಲಕ್ಕೆ ಪೂರ್ತಿ ಹಿಡಿತಕ್ಕೆ ಬಾರದಿದ್ದರೆ ಕೊನೆಯ ಭಾಗದಿಂದಲೇ ಆರಂಭಿಸಬಹುದು. ಅಲ್ಲಿ ಗುಡುಗು ಅಡಗುತ್ತ ಬಂದಂತೆ ಸರಳವಾದ ಸ್ತೋತ್ರದ ಧಾಟಿ ಯಾವಾಗ ಕೇಳಿಸತೊಡಗುತ್ತದೆ ಎಂಬುದಕ್ಕೆ ಕಿವಿಗೊಡಿ. ಇಪ್ಪತ್ತೆರಡರ ಹುಡುಗಿಯೊಬ್ಬಳು ಆ ಜಾಗಕ್ಕೆ ಬರಲು ಮೂರು ಭಾಗಗಳಷ್ಟು ದೂರ ನಡೆದು ಬಂದಿದ್ದಾಳೆ ಎಂದು ತಿಳಿದಾಗ, ಹಿಂದಿನ ಮೂರನ್ನೂ ಕೇಳಬೇಕೆನಿಸುತ್ತದೆ.